ಶ್ಯಾಡೋಗಾಗಿ ನಾನು ಕಾಯಲಿಲ್ಲ

ಪರದೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಆರು ನಿಮಿಷದಿಂದ ಶುರುವಾದದ್ದು ಎರಡು ನಿಮಿಷಕ್ಕಿಂತ ಕೆಳಗೆ ಇಳಿದಿತ್ತು. ಆಕಾಶದಲ್ಲಿ ತೇಲುತ್ತಿದ್ದ ನೆಲ ಕುಸಿಯುತ್ತಿದೆ, ಅಂಚಿನ ಕೆಳಗೆ ನಮ್ಮ ಹಾರುವ ಹಡಗು ಬಂದು ನಿಂತಿದೆ. ನನ್ನ ಮುಂದೆ ಎರಡೇ ಆಯ್ಕೆ. ಜಿಗಿ, ಇಲ್ಲವೇ ಕಾಯಿ. ಹೊರಗೆ ರಾತ್ರಿ ಒಂದೂವರೆ, ಬೆಳಿಗ್ಗೆ ಒಂಬತ್ತಕ್ಕೆ ಇಂಟರ್ನಲ್ಸ್. ಯೋಚನೆಯನ್ನೇ ಮಾಡದೆ ಜಿಗಿದುಬಿಟ್ಟೆ.

ಆ ಒಂದು ಬಟನ್‌ಗೆ ಒಬ್ಬ ಸತ್ತ ಅಂತ ಗೊತ್ತಾಗಿದ್ದು ಆಮೇಲೆ.

ಗೇಮ್ ಹೆಸರು 'ಫೈನಲ್ ಫ್ಯಾಂಟಸಿ 6'. ಜಪಾನಿನ ಸ್ಕ್ವೇರ್ ಕಂಪನಿ 1994ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ್ದು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಇಡೀ ಗೇಮ್ ಇದ್ದದ್ದು 3 ಎಂಬಿಯ ಒಂದು ಕಾರ್ಟ್ರಿಡ್ಜ್‌ನಲ್ಲಿ. ನಮ್ಮ ಡಿಪಾರ್ಟ್‌ಮೆಂಟಿನವರು ಗ್ರೂಪಿಗೆ ಹಾಕುವ ಸಿಲೆಬಸ್ ಪಿಡಿಎಫ್ ಅದಕ್ಕಿಂತ ದೊಡ್ಡದು! ಒಬ್ಬೊಬ್ಬ ಪಾತ್ರವೂ 16 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರ. ಅಷ್ಟರಲ್ಲೇ ಅವು ತಲೆ ತಗ್ಗಿಸುತ್ತವೆ, ಬೆರಳಾಡಿಸುತ್ತವೆ, ಅಳುತ್ತವೆ. ನಾನು ಆಡಿದ್ದು 2022ರಲ್ಲಿ ಕಂಪ್ಯೂಟರಿಗೆ ಬಂದ ಪಿಕ್ಸೆಲ್ ರೀಮಾಸ್ಟರ್ ಆವೃತ್ತಿ.

ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟವನು ನನ್ನ ರೂಮ್‌ಮೇಟ್. ಎರಡು ವರ್ಷ ಒಂದೇ ಹಾಸ್ಟೆಲ್ ರೂಮಿನಲ್ಲಿ, ಒಂದೇ ಬಕೆಟ್ ಹಂಚಿಕೊಂಡು ಇದ್ದವರು ನಾವು. ನಾಲ್ಕನೇ ಸೆಮಿಸ್ಟರ್ ಮುಗಿದಾಗಲೂ ಅವನಿಗೆ ಮೊದಲ ವರ್ಷದ ಎಂ-2 ಉಳಿದೇ ಇತ್ತು. ಐದನೇ ಸೆಮಿಸ್ಟರ್‌ಗೆ ಹೋಗುವ ಹಾಗಿಲ್ಲ, ಇಯರ್ ಬ್ಯಾಕ್. ರೂಮ್ ಖಾಲಿ ಮಾಡುವ ದಿನ ಅವನ ಹಾಸಿಗೆ ಸುರುಳಿಯನ್ನು ನಾನೇ ಬಸ್ ಸ್ಟ್ಯಾಂಡಿಗೆ ಹೊತ್ತುಕೊಂಡು ಹೋಗಿದ್ದೆ. 'ಆ ಗೇಮ್ ಅರ್ಧಕ್ಕೆ ಬಿಡಬೇಡ ಮಗಾ' ಅಂದ. 'ಫೋನ್ ಮಾಡ್ತೀನಿ' ಅಂದೆ.

ಮಾಡಲಿಲ್ಲ. ಮೊದಲೆರಡು ವಾರ ಮೆಸೇಜು ನಡೆಯಿತು. ಆಮೇಲೆ ಮಿನಿ ಪ್ರಾಜೆಕ್ಟ್, ಆಪ್ಟಿಟ್ಯೂಡ್ ಕ್ಲಾಸ್, ಪ್ಲೇಸ್‌ಮೆಂಟ್ ಟ್ರೇನಿಂಗ್. ಐದನೇ ಸೆಮ್‌ಗೆ ಹೊಸ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದೆವು, ಅದರಲ್ಲಿ ಅವನಿಲ್ಲ. ಹಳೆಯ ಗ್ರೂಪಿನಲ್ಲಿ ಕೊನೆಯ ಮೆಸೇಜ್ ಅವನದೇ. 'ಹೊಸ ಗ್ರೂಪ್ ಮಾಡಿದ್ರೇನ್ರೋ?' ಅರವತ್ತು ಜನರಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಹೌದು ಅಂದರೆ ಮುಂದೇನು ಬರೆಯಬೇಕು ಅಂತ ತೋಚಿರಲಿಲ್ಲ.

ಡಿಸೆಂಬರಿನಲ್ಲಿ ಗೇಮ್ ಮತ್ತೆ ತೆರೆದೆ.

ಕಥೆಯ ಮೊದಲರ್ಧ ನಾವು ನೂರು ಸಿನಿಮಾಗಳಲ್ಲಿ ನೋಡಿರುವಂಥದ್ದೇ. ಒಂದು ದುಷ್ಟ ಸಾಮ್ರಾಜ್ಯ, ಅದರ ವಿರುದ್ಧ ಎದ್ದ ಒಂದಷ್ಟು ಜನ. ಒಟ್ಟು ಹದಿನಾಲ್ಕು ಪಾತ್ರಗಳನ್ನು ನಾವೇ ಆಡಿಸಬಹುದು. ಅವರಲ್ಲಿ ಶ್ಯಾಡೋ ಮಾತ್ರ ಬೇರೆ ಥರ. ಮುಖ ಮುಚ್ಚಿಕೊಂಡು ನಾಯಿಯ ಜತೆ ತಿರುಗುವ, ದುಡ್ಡಿಗೆ ಕೊಲೆ ಮಾಡುವ ಆಸಾಮಿ. ನಮ್ಮ ಜತೆ ಬಂದರೂ ಯಾವುದೋ ಒಂದು ಹೋರಾಟ ಮುಗಿದ ಮೇಲೆ ಸುಮ್ಮನೆ ಬಿಟ್ಟು ಹೋಗಿಬಿಡುತ್ತಾನೆ. ಅವನ ಮೇಲೆ ನಂಬಿಕೆ ಹುಟ್ಟದ ಹಾಗೆಯೇ ಗೇಮ್ ಕಟ್ಟಿದ್ದಾರೆ.

ಆಮೇಲೆ ತೇಲುವ ಖಂಡ ಬರುತ್ತದೆ. ಮೂರು ದೇವತೆಗಳ ವಿಗ್ರಹಗಳು ಒಂದನ್ನೊಂದು ನೋಡುತ್ತಾ ನಿಂತಿರುವುದರಿಂದಲೇ ಲೋಕ ಸಮತೋಲನದಲ್ಲಿದೆ. ಕೆಫ್ಕಾ ಎಂಬ ಹುಚ್ಚ ತನ್ನ ಚಕ್ರವರ್ತಿಯನ್ನೇ ಕೆಳಗೆ ತಳ್ಳಿ ಕೊಂದು, ಆ ವಿಗ್ರಹಗಳನ್ನು ಸರಿಸತೊಡಗುತ್ತಾನೆ. ಆಗ ಎಲ್ಲಿಂದಲೋ ಓಡಿ ಬಂದು ಅವನನ್ನು ತಡೆದು ನಿಲ್ಲಿಸುವವನು ಅದೇ ಶ್ಯಾಡೋ. 'ನೀವು ಹೋಗಿ' ಅನ್ನುತ್ತಾನೆ. ಗಡಿಯಾರ ಶುರುವಾಗುವುದು ಅಲ್ಲಿಂದಲೇ. ಹಡಗಿನ ಹತ್ತಿರ ಹೋಗಿ ಏನೂ ಮಾಡದೆ ಸುಮ್ಮನೆ ನಿಂತರೆ, ಇನ್ನು ಐದೇ ಸೆಕೆಂಡ್ ಇದೆ ಅನ್ನುವಾಗ ಅವನು ಬರುತ್ತಾನೆ. ನಿಲ್ಲದೆ ಜಿಗಿದರೆ ಕೊನೆಯವರೆಗೂ ಅವನು ಸಿಗುವುದಿಲ್ಲ. ಅಲ್ಲಿಯವರೆಗೆ ಬೇಗ ಬೇಗ ಒತ್ತುವುದನ್ನೇ ಕಲಿಸಿದ ಗೇಮ್ ಅಲ್ಲಿ ಮಾತ್ರ ಕೈ ಕಟ್ಟಿ ನಿಲ್ಲಲು ಹೇಳುತ್ತದೆ. ನನಗೆ ಅದು ಕೇಳಿಸಲೇ ಇಲ್ಲ.

ಜಿಗಿದ ಮೇಲೆ ಲೋಕ ಒಡೆಯಿತು. ನೆಲ ಸೀಳಿತು, ಹಡಗು ಎರಡು ತುಂಡಾಯಿತು, ಎಲ್ಲರೂ ದಿಕ್ಕುಪಾಲು. ವಿಲನ್ ಗೆದ್ದೇಬಿಟ್ಟ. ಕಥೆ ಮುಂದುವರಿಯುವುದು ಒಂದು ವರ್ಷದ ನಂತರ. ಸೆಲೆಸ್ ಎಂಬ ಮಾಜಿ ಸೇನಾನಿ ಒಂದು ಪುಟ್ಟ ದ್ವೀಪದ ಗುಡಿಸಲಿನಲ್ಲಿ ಕಣ್ಣು ಬಿಡುತ್ತಾಳೆ. ಜತೆಗಿರುವುದು ಸಿಡ್ ಎಂಬ ಮುದುಕ ಮಾತ್ರ. ಅವನನ್ನು ಅಜ್ಜ ಅನ್ನುತ್ತಾಳೆ. ಅಜ್ಜನಿಗೆ ಹುಷಾರಿಲ್ಲ. ಕಡಲ ದಂಡೆಗೆ ಹೋಗಿ ಮೀನು ಹಿಡಿದು ತಂದು ತಿನ್ನಿಸಬೇಕು. ಚುರುಕಾಗಿ ಈಜುವ ಮೀನು ಒಳ್ಳೆಯದು, ನಿಧಾನವಾಗಿ ಈಜುವುದು ಕೆಟ್ಟದ್ದು. ನನಗದು ಗೊತ್ತಿರಲಿಲ್ಲ. ಸುಲಭವಾಗಿ ಸಿಕ್ಕಿದ್ದನ್ನೇ ಹಿಡಿದು ತಂದೆ. ಅಜ್ಜ ತೀರಿಕೊಂಡ.

ಮುಂದಿನ ದೃಶ್ಯದಲ್ಲಿ ಸೆಲೆಸ್ ಕಡಲಂಚಿನ ಬಂಡೆ ಹತ್ತುತ್ತಾಳೆ. ಯಾಕೆ ಅಂತ ಬಿಡಿಸಿ ಹೇಳುವುದು ಬೇಡ. ಬಿದ್ದರೂ ಬದುಕುತ್ತಾಳೆ. ಎಚ್ಚರವಾದಾಗ ಪಕ್ಕದಲ್ಲೊಂದು ಹಕ್ಕಿ, ಅದರ ಮೈಗೆ ಕಟ್ಟಿದ್ದ ಬಟ್ಟೆ ಗೆಳೆಯ ಲಾಕ್‌ನದು. ಅಂದರೆ ಅವನಿನ್ನೂ ಎಲ್ಲೋ ಇದ್ದಾನೆ.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮರುದಿನದ ಇಂಟರ್ನಲ್ಸ್‌ನಲ್ಲಿ ಐವತ್ತಕ್ಕೆ ಹದಿನೆಂಟು ಬಂತು. ಆದ್ದರಿಂದ ಗೇಮ್ ಆಡಿದರೆ ಉದ್ಧಾರವಾಗುತ್ತೀರಿ ಅಂತ ನಾನು ಯಾರಿಗೂ ಹೇಳುವಂತಿಲ್ಲ. ಆದರೆ ಪರೀಕ್ಷೆ ಬರೆಯುವಾಗಲೂ ತಲೆಯಲ್ಲಿ ಇದ್ದದ್ದು ಆ ಬಂಡೆ. ಐದು ತಿಂಗಳಿಂದ ಊರಿನಲ್ಲಿ ಒಬ್ಬನೇ ಇರುವವನು ಹೇಗಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ.

ಸಂಜೆ ಫೋನ್ ಮಾಡಿದೆ. ಹೊತ್ತಾದ ಮೇಲೆ ಎತ್ತಿದ.

'ಏನ್ ಮಗಾ, ನನ್ ನಂಬರ್ ಇನ್ನೂ ಇದ್ಯಾ?'

ಏನು ಹೇಳುವುದು! 'ಗೇಮ್ ಆಡ್ತಿದೀನಿ' ಅಂದೆ.

'ಎಲ್ಲಿದೀಯ?'

'ಸಿಡ್ ಸತ್ತ.'

ಸ್ವಲ್ಪ ಹೊತ್ತು ಸುಮ್ಮನಿದ್ದ. 'ಶ್ಯಾಡೋಗೆ ಕಾದ್ಯಾ?'

'ಇಲ್ಲ.'

'ಹಾಳಾಗಿ ಹೋಗು' ಅಂತ ನಕ್ಕ. 'ನಾನೂ ಫಸ್ಟ್ ಟೈಮ್ ಕಾದಿರ್ಲಿಲ್ಲ ಬಿಡು.'

ಆಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು. ಊರಲ್ಲಿ ಅಡಿಕೆ ಕೊಯ್ಲು ನಡೆಯುತ್ತಿದೆಯಂತೆ, ರಾತ್ರಿಯೆಲ್ಲ ಸುಲಿಯುವ ಕೆಲಸ. ಸಿಕ್ಕವರೆಲ್ಲ 'ರಜೆಯೇನೋ?' ಅಂತ ಕೇಳುತ್ತಾರೆ, ಐದು ತಿಂಗಳಿಂದಲೂ 'ಹೂಂ, ರಜೆ' ಅಂತಲೇ ಹೇಳುತ್ತಿದ್ದಾನೆ. 'ಮಧ್ಯದಲ್ಲಿ ಒಂದಷ್ಟು ದಿನ ತುಂಬಾ ಕೆಟ್ಟದಾಗಿತ್ತು ಮಗಾ' ಅಂದ. ಈಗ ಹೇಗಿದೆ ಅಂತ ನೇರವಾಗಿಯೇ ಕೇಳಿದೆ. 'ಈಗ ಪರ್ವಾಗಿಲ್ಲ. ಅಮ್ಮಂಗೆ ಎಲ್ಲಾ ಹೇಳ್ದೆ. ಅವತ್ತಿಂದ ನಿದ್ದೆ ಬರ್ತಿದೆ' ಅಂದ. ಗ್ರೂಪಿನ ವಿಷಯ ಅವನೂ ಎತ್ತಲಿಲ್ಲ. ನಾನೇ ಎತ್ತಿ ತಪ್ಪಾಯ್ತು ಅಂದೆ. 'ಹೂಂ' ಅಂದ, ಅಷ್ಟೇ.

ಗೇಮಿನ ಉಳಿದ ಅರ್ಧ ವಿಚಿತ್ರವಾಗಿದೆ. ಸೆಲೆಸ್ ತೆಪ್ಪದಲ್ಲಿ ದ್ವೀಪ ದಾಟಿ, ವೇಷ ಮರೆಸಿಕೊಂಡು ತಿರುಗುತ್ತಿರುವ ಎಡ್ಗರ್‌ನನ್ನು ಹಿಡಿಯುತ್ತಾಳೆ, ಹೆಂಡದಂಗಡಿಯಲ್ಲಿ ಕೈಚೆಲ್ಲಿ ಕೂತ ಸೆಟ್ಜರ್‌ನನ್ನು ಎಬ್ಬಿಸುತ್ತಾಳೆ. ಸತ್ತ ಗೆಳತಿಯ ಸಮಾಧಿಯೊಳಗಿದ್ದ ಹಾರುವ ಹಡಗನ್ನು ಸೆಟ್ಜರ್ ಹೊರತೆಗೆಯುತ್ತಾನೆ. ಅಲ್ಲಿಂದ ಮುಂದೆ ಕಡ್ಡಾಯ ಅನ್ನುವುದೇ ಇಲ್ಲ. ಈ ಮೂವರೇ ನೇರ ಕೆಫ್ಕಾನ ಗೋಪುರಕ್ಕೆ ಹೋಗಿ ಗೇಮ್ ಮುಗಿಸಬಹುದು. ಉಳಿದವರು ಎಲ್ಲಿದ್ದಾರೆ ಅಂತ ಹುಡುಕಲೇಬೇಕು ಅಂತ ಯಾರೂ ಹೇಳುವುದಿಲ್ಲ. ಹಡಗು ಹಾರುವಾಗ ನೊಬುವೊ ಉಯೆಮಾತ್ಸು ಅವರ ಸಂಗೀತ ಮಾತ್ರ ಕೇಳುತ್ತಿರುತ್ತದೆ. ಅದರ ಹೆಸರೇ 'ಸರ್ಚಿಂಗ್ ಫಾರ್ ಫ್ರೆಂಡ್ಸ್'.

ಈಗ ಭಾನುವಾರ ಸಂಜೆ ವಿಡಿಯೊ ಕಾಲ್‌ನಲ್ಲಿ ಅವನಿಗೆ ಎಂ-2 ಹೇಳಿಕೊಡುತ್ತೇನೆ. ಹೇಳಿಕೊಡುವುದು ಅಂದರೆ, ನಾನೂ ಮರೆತಿದ್ದನ್ನು ಇಬ್ಬರೂ ಸೇರಿ ಓದುವುದು. ಕಳೆದ ವಾರ ಲ್ಯಾಪ್ಲಾಸ್ ಮುಗಿದ ಮೇಲೆ 'ಹಳೇ ಸೇವ್ ಇದೆಯಾ?' ಅಂದ. ಇತ್ತು. ಅಲ್ಟಿಮಾ ವೆಪನ್ ಜತೆ ಮತ್ತೊಮ್ಮೆ ಹೊಡೆದಾಡಿ, ಕುಸಿಯುವ ನೆಲದ ಮೇಲೆ ಓಡಿ, ಅಂಚಿಗೆ ಬಂದು ನಿಂತೆ. ಫೋನನ್ನು ಪರದೆಯ ಕಡೆ ತಿರುಗಿಸಿಟ್ಟೆ. ಒಂದು ನಿಮಿಷ ಹತ್ತು ಸೆಕೆಂಡ್ ಉಳಿದಿತ್ತು. ಅತ್ತ ಅಡಿಕೆ ಸುಲಿಯುವ ಸದ್ದು ಕೇಳುತ್ತಿತ್ತು.

'ಏನೂ ಮುಟ್ಟಬೇಡ' ಅಂದ.

ಮೂವತ್ತು. ಹದಿನೈದು. ಹತ್ತು. ನನ್ನ ಹೆಬ್ಬೆರಳು ಬೆವರುತ್ತಿತ್ತು.

ಐದಕ್ಕೆ ಬಂದ. 'ಈಗ ಜಿಗಿ' ಅಂದ ನನ್ನ ರೂಮ್‌ಮೇಟ್.