ಸ್ವದೇಶಿಯ ಹೆಸರಿನಲ್ಲಿ ವಾಯಿದೆಯ ಆಟ

ಮೊಬೈಲ್ ಆಟಗಳ ವಿಚಾರವು ಈ ಪುಟಕ್ಕೆ ತಕ್ಕುದಲ್ಲವೆಂದು ನಮ್ಮ ವಾಚಕರಲ್ಲಿ ಹಿರಿಯರಾದ ಕೆಲವರು ಭಾವಿಸಬಹುದು. ಚಳ್ಳಕೆರೆಯ ಎಣ್ಣೆ ಗಿರಣಿಗಳ ಸ್ಥಿತಿಯನ್ನೋ ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಕಷ್ಟವನ್ನೋ ಬಿಟ್ಟು ಹುಡುಗರಾಟಿಕೆಯ ಮಾತೇಕೆಂದು ಅವರು ಕೇಳಿದರೆ ಅಚ್ಚರಿಯೇನೂ ಇಲ್ಲ. ಆದರೆ ಈ ಎರಡು ತಾಲ್ಲೂಕುಗಳಲ್ಲಿ ಫೋನಿಲ್ಲದ ಕಾಲೇಜು ವಿದ್ಯಾರ್ಥಿಯನ್ನು ಕಾಣುವುದು ಈಗ ದುರ್ಲಭ. ಆ ಫೋನಿನ ಮೂಲಕ ದೇಶಾಭಿಮಾನವನ್ನೇ ಸರಕಾಗಿ ಮಾಡಿದ ಪ್ರಸಂಗವೊಂದು ನಮ್ಮ ನಾಡಿನ ರಾಜಧಾನಿಯಲ್ಲಿಯೇ ನಡೆದಿರುವುದರಿಂದ, ಅದನ್ನು ಪರಾಮರ್ಶಿಸುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಮಂದಿ ಯೋಧರು ವೀರಮರಣವನ್ನೈದಿದರು. ದೇಶದ ಮನಸ್ಸು ಕುದಿಯುತ್ತಿದ್ದ ಆ ಕಾಲದಲ್ಲಿ, ಸೆಪ್ಟೆಂಬರ್ 2ರಂದು, ಕೇಂದ್ರ ಸರ್ಕಾರವು ಪಬ್‌ಜಿ ಸಹಿತವಾಗಿ 118 ಆಪ್‌ಗಳನ್ನು ನಿಷೇಧಿಸಿತು. ಎರಡೇ ದಿನಗಳು ಕಳೆದವು. 4ನೆಯ ತಾರೀಖಿನಂದು ಚಿತ್ರನಟ ಅಕ್ಷಯ್ ಕುಮಾರರು, ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯಿಂದ ‘ಫೌ-ಜಿ’ ಎಂಬ ಸ್ವದೇಶೀ ಆಟವು ಬರಲಿರುವುದೆಂದು ಸಾರಿದರು. ನಿವ್ವಳ ಆದಾಯದಲ್ಲಿ ಶೇಕಡಾ 20ರಷ್ಟು ‘ಭಾರತ್ ಕೆ ವೀರ್’ ನಿಧಿಗೆ ಸಲ್ಲುವುದೆಂದೂ ಪ್ರಕಟವಾಯಿತು. ಆಟದ ಕೆಲಸವು ನಿಷೇಧಕ್ಕೆ ಮೊದಲೇ ಆರಂಭವಾಗಿತ್ತೆಂಬುದು ಸಂಸ್ಥೆಯವರ ಹೇಳಿಕೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಾರಿದ ಮುಹೂರ್ತವನ್ನು ನೋಡಿದ ಹುಡುಗನು, ಕಳೆದುಕೊಂಡ ಆಟಕ್ಕೆ ಬದಲಾಗಿ ದೇಶವೇ ತನಗೊಂದನ್ನು ಕೊಡುತ್ತಿದೆಯೆಂದು ನಂಬಿದರೆ ಆ ನಂಬಿಕೆಗೆ ಅವನೊಬ್ಬನೇ ಹೊಣೆಯೇ?

ಆಮೇಲೆ ವಾಯಿದೆಗಳ ಸರಣಿ ನಡೆಯಿತು. ಮೊದಲು ಅಕ್ಟೋಬರ್ ಎಂದರು. ಅಕ್ಟೋಬರ್ 25ರಂದು, ದಸರೆಯ ಸಂದರ್ಭದಲ್ಲಿ, ಬಂದದ್ದು ಆಟವಲ್ಲ, ಆಟದ ತುಣುಕು ಚಿತ್ರ. ಜೊತೆಗೆ ನವೆಂಬರ್ ಎಂಬ ಹೊಸ ಮಾತು. ನವೆಂಬರಿನ ಕಟ್ಟಕಡೆಯ ದಿನ, 30ರಂದು, ಪ್ಲೇ ಸ್ಟೋರಿನಲ್ಲಿ ಹೆಸರು ನೋಂದಾಯಿಸುವ ಅವಕಾಶವು ತೆರೆಯಿತು. ಒಂದು ದಿನದೊಳಗೆ ಹತ್ತು ಲಕ್ಷಕ್ಕೂ ಮಿಕ್ಕಿದವರು ಹೆಸರು ಕೊಟ್ಟರು! ಕಡೆಗೆ 2021ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನವೇ, ಆಟವು ಬಂದಿತು. ದಸರೆ, ಗಣರಾಜ್ಯದಿನ: ದಿನಗಳ ಆಯ್ಕೆಯಲ್ಲಿ ತೋರಿದ ಜಾಣ್ಮೆಯನ್ನು ವಾಚಕರು ಗಮನಿಸತಕ್ಕದ್ದು.

ಬಂದುದಾದರೂ ಏನು? ಗಾಲ್ವಾನಿನ ಹಿನ್ನೆಲೆಯಲ್ಲಿ ಆಟಗಾರನೊಬ್ಬನೇ ಮುಷ್ಟಿಯಿಂದಲೂ ಕೈಗೆ ಸಿಕ್ಕ ಆಯುಧಗಳಿಂದಲೂ ಶತ್ರುಗಳನ್ನು ಹೊಡೆಯುತ್ತ ಮುಂದುವರಿಯುವ ಒಂದೇ ಕಥಾಭಾಗ. ಗೆಳೆಯರೊಡನೆ ಕೂಡಿ ಆಡುವ ಬಗೆಗಳಿಗೆ ‘ಶೀಘ್ರದಲ್ಲಿ ಬರಲಿದೆ’ ಎಂಬ ಫಲಕವನ್ನು ತೂಗಹಾಕಿದ್ದರು. ಪಬ್‌ಜಿಯ ರುಚಿಯಿದ್ದದ್ದೇ ಆ ಕೂಟದಲ್ಲಿ. ಹಳ್ಳಿಯ ಕಟ್ಟೆಯ ಮೇಲೆ ನಾಲ್ವರು ಕುಳಿತು ಒಂದು ಪಡೆಯಾಗುವುದರಲ್ಲಿ. ಅದಿಲ್ಲದ ಆಟವನ್ನು ಕಂಡು ಹುಡುಗರು ಹತಾಶರಾದರು. ಅಂಗಡಿಯಲ್ಲಿ ಅವರು ಕೊಟ್ಟ ದರ್ಜೆಯು ಕೆಲವೇ ದಿನಗಳಲ್ಲಿ ಐದಕ್ಕೆ ಮೂರರ ಆಸುಪಾಸಿಗೆ ಕುಸಿಯಿತು. ಅದೇ ವರ್ಷದ ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಸಂಸ್ಥೆಯು ತನ್ನ ಹಳೆಯ ಆಟಕ್ಕೆ ಭಾರತದ ಹೆಸರಿಟ್ಟು ಮರಳಿ ತಂದಾಗ, ಜನಪ್ರಿಯತೆಯು ಮತ್ತೆ ಅದರ ಪಾಲಾಯಿತು. ನಮಗೆ ನೋವಾಗುವುದು ಇಲ್ಲಿಯೇ. ಪರಕೀಯರ ವಸ್ತು ಗೆದ್ದಿತೆಂಬುದಕ್ಕಿಂತ, ಸ್ವದೇಶಿಯೆಂದರೆ ಅರೆಬೆಂದ ಸರಕೆಂಬ ಭಾವನೆಯು ಎಳೆಯ ಮನಸ್ಸುಗಳಲ್ಲಿ ಊರುವುದು ದೊಡ್ಡ ನಷ್ಟ.

ವಿಳಂಬವೇ ಅಪರಾಧವೆಂದು ನಾವು ಹೇಳುವುದಿಲ್ಲ. ಕುದಾಪುರದ ಪರೀಕ್ಷಾಂಗಣದಿಂದ ಹಾರಿದ ರುಸ್ತುಂ-2 ಎಂಬ ಚಾಲಕರಹಿತ ವಿಮಾನವು 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದುದನ್ನು ಚಳ್ಳಕೆರೆಯವರು ಬಲ್ಲರು. ಬೀಳುವುದಾದರೆ ಪರೀಕ್ಷೆಯಲ್ಲಿ ಬೀಳಲಿ ಎಂಬುದಕ್ಕಾಗಿಯೇ ಅಂಥ ಅಂಗಣಗಳಿರುವುದು. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಸಂಸ್ಥೆಯವರು ‘ಸೈಬರ್‌ಪಂಕ್ 2077’ ಎಂಬ ಆಟವನ್ನು 2012ರಲ್ಲಿಯೇ ಘೋಷಿಸಿ, 2020ರ ಏಪ್ರಿಲ್, ಸೆಪ್ಟೆಂಬರ್, ನವೆಂಬರ್ ಎಂದು ಮೂರು ಗಡುವುಗಳನ್ನು ಮುರಿದು, ಡಿಸೆಂಬರ್ 10ರಂದು ಬಿಡುಗಡೆ ಮಾಡಿದರು. ಅಷ್ಟು ಕಾದರೂ ಹಳೆಯ ಯಂತ್ರಗಳಲ್ಲಿ ಅದು ನೆಟ್ಟಗೆ ನಡೆಯಲಿಲ್ಲ. ವಾರದೊಳಗೆ ಸೋನಿ ಸಂಸ್ಥೆಯು ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣವನ್ನು ಹಿಂದಿರುಗಿಸಬೇಕಾಯಿತು. ಗಡುವು ಮುಂದೆ ಹೋದಾಗ ಆಟವನ್ನು ಕಟ್ಟುವ ನೌಕರರಿಗೆ ಅಭಿಮಾನಿಗಳೆನ್ನಿಸಿಕೊಂಡವರೇ ಕೊಲೆ ಬೆದರಿಕೆ ಹಾಕಿದ್ದರೆಂಬುದು ಹೇಯವಾದ ಸಂಗತಿ. ಆಸೆಯನ್ನು ಉಬ್ಬಿಸುವವರು ಒಬ್ಬರು, ಸಿಟ್ಟಿಗೆ ಗುರಿಯಾಗುವವರು ಮತ್ತೊಬ್ಬರು. 2023ರ ಡಿಸೆಂಬರಿನಲ್ಲಿ ಮೊದಲ ಚಿತ್ರ ತೋರಿಸಿದ ‘ಗ್ರ್ಯಾಂಡ್ ಥೆಫ್ಟ್ ಆಟೋ’ದ ಆರನೆಯ ಆಟವು 2025ಕ್ಕೆಂದಿದ್ದುದು 2026ರ ಮೇ 26ಕ್ಕೂ, ಮತ್ತೆ ನವೆಂಬರ್ 19ಕ್ಕೂ ಮುಂದೂಡಲ್ಪಟ್ಟಿತು. ಹೀಗೆ ಈ ವ್ಯಾಧಿಯು ಸಾರ್ವತ್ರಿಕವಾದುದೇ ಸರಿ.

ಮೊಳಕಾಲ್ಮೂರಿನ ನೇಕಾರನು ಸೀರೆಯನ್ನು ಮಡಿಕೆ ಬಿಚ್ಚಿ ಅಂಚು ಸೆರಗುಗಳನ್ನು ತೋರಿಸಿ ಬೆಲೆ ಹೇಳುತ್ತಾನೆ. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಶೇಂಗಾವನ್ನು ಕೈಯಲ್ಲಿ ಒಡೆದು ನೋಡದೆ ಯಾವ ವರ್ತಕನೂ ದರ ಕೂಗುವುದಿಲ್ಲ. ಫೌ-ಜಿಯು ಉಚಿತವಾಗಿತ್ತಲ್ಲ, ನಷ್ಟವೇನೆಂದು ಕೇಳುವವರಿದ್ದಾರೆ. ಹುಡುಗನು ಕೊಟ್ಟ ಬೆಲೆಯು ಅವನ ಹೆಸರು, ಅವನ ತಿಂಗಳುಗಳು, ಮತ್ತು ಮಡಿದ ಯೋಧರ ಮೇಲೆ ಅವನಿಗಿದ್ದ ಭಕ್ತಿ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನಿಗೂ ಅದನ್ನು ಹೊಗಳಿದ ಪ್ರಸಿದ್ಧ ವ್ಯಕ್ತಿಗೂ ಹತ್ತು ಲಕ್ಷ ರೂಪಾಯಿಗಳವರೆಗೆ, ಮರಳಿ ತಪ್ಪಿದರೆ ಐವತ್ತು ಲಕ್ಷದವರೆಗೆ, ದಂಡ ವಿಧಿಸುವ ಅಧಿಕಾರವು ಕೇಂದ್ರ ಪ್ರಾಧಿಕಾರಕ್ಕಿದೆ. ಆದರೆ ಆ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕನೆಂದರೆ ಪ್ರತಿಫಲ ಕೊಟ್ಟು ಕೊಂಡವನು. ಹೆಸರನ್ನು ಮಾತ್ರ ಕೊಟ್ಟು ಕಾದವನನ್ನೂ ಅದರೊಳಗೆ ಸ್ಪಷ್ಟವಾಗಿ ಸೇರಿಸಬೇಕೆಂದೂ, ನೋಂದಣಿ ತೆರೆಯುವ ದಿನವೇ ಆಟದ ಯಾವ ಭಾಗ ಸಿದ್ಧವಿದೆ, ಯಾವುದು ಇಲ್ಲ ಎಂಬುದನ್ನು ಜಾಹೀರಾತಿನಷ್ಟೇ ದಪ್ಪ ಅಕ್ಷರಗಳಲ್ಲಿ ಪ್ರಕಟಿಸತಕ್ಕದ್ದೆಂದು ನಿಯಮ ಮಾಡಬೇಕೆಂದೂ ನಮ್ಮ ಪ್ರತಿನಿಧಿಗಳನ್ನು ಒತ್ತಾಯಿಸುತ್ತೇವೆ.