ಉರುಳುವ ಮನೆಯ ಉಸ್ತುವಾರಿ

ಮಂಡ್ಯದಿಂದ ನಾಗಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿರುವ ಬಸರಾಳು, 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಹೊಯ್ಸಳ ಶೈಲಿಯ ಮಲ್ಲಿಕಾರ್ಜುನ ದೇವಾಲಯದಿಂದ ಹೆಸರಾದ ಊರು. ದೇವಾಲಯ ನೋಡಲು ಹೊರಗಿನವರು ಇಲ್ಲಿಗೆ ಬರುತ್ತಾರೆ. ಇಲ್ಲಿನವರೂ ಊರು ಬಿಟ್ಟು ಪ್ರವಾಸ ಹೊರಡುತ್ತಾರೆ. ಸುಗ್ಗಿ ಮುಗಿದ ಮೇಲೆ ಧರ್ಮಸ್ಥಳಕ್ಕೆ, ಮಾಲೆ ಹಾಕಿದವರು ಶಬರಿಮಲೆಗೆ, ರಜೆ ಬಂದಾಗ ನಂಟರಿಷ್ಟರೆಲ್ಲ ಸೇರಿ ಕನ್ಯಾಕುಮಾರಿಗೆ ಹೋಗಿಬರುವುದು ನಮ್ಮ ಹಳ್ಳಿಗಳ ವಾಡಿಕೆ. ಅಂಥ ಪ್ರವಾಸಕ್ಕೆ ಬಾಡಿಗೆಯ ಟೆಂಪೋ ಟ್ರಾವೆಲರ್ ಬರುತ್ತದೆ. ಅಕ್ಕಿ, ಬೇಳೆ, ಪಾತ್ರೆ, ಒಲೆ, ಹಾಸಿಗೆ, ಹೊದಿಕೆ ಎಲ್ಲವೂ ಅದನ್ನು ಏರುತ್ತವೆ. ಒಂದು ವಾರದ ಮಟ್ಟಿಗೆ ಆ ವಾಹನವೇ ಮನೆಯಾಗುತ್ತದೆ.

ಮನೆಯೊಂದು ಚಕ್ರದ ಮೇಲೆ ಉರುಳಲು ತೊಡಗಿದಾಗ ಮನೆಯ ಅಪಾಯಗಳೂ ರಸ್ತೆಯ ಅಪಾಯಗಳೂ ಒಂದೆಡೆ ಸೇರುತ್ತವೆ. ಅವುಗಳನ್ನು ತಡೆಯುವ ಬಗೆ ಹೇಗೆ? ಇದಕ್ಕೆ ಬೇಕಾದ ತಿಳಿವಳಿಕೆಯಲ್ಲಿ ಹೆಚ್ಚಿನದು ನಿಮ್ಮ ವಿಜ್ಞಾನ ಪಠ್ಯದಲ್ಲಿಯೇ ಇದೆ.

ಕಮಾನು ಗಾಡಿಯಿಂದ ಕ್ಯಾರವಾನಿನವರೆಗೆ

ಉರುಳುವ ಮನೆ ನಮಗೆ ಹೊಸದಲ್ಲ. ಹಿಂದಿನವರು ಜಾತ್ರೆಗೆ ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರು. ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಮಕ್ಕಳನ್ನು ಒಳಗೆ ಕೂರಿಸಿ, ದಾರಿಯ ತೋಪಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದರು. ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಚಕ್ರ ಕಳಚದಂತೆ ತಡೆಯುವ ಕಡಾಣಿಯನ್ನು ಮುಟ್ಟಿ ನೋಡುವುದು, ಎತ್ತಿನ ಲಾಳ ಪರೀಕ್ಷಿಸುವುದು ಮನೆಯ ಯಜಮಾನನ ಕೆಲಸವಾಗಿತ್ತು. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾಡಿ ಅವನದೇ, ಮಕ್ಕಳೂ ಅವನವೇ.

ಇಂದು ವಾಹನ ಬೇರೆಯವರದು, ಓಡಿಸುವವರು ಬೇರೊಬ್ಬರು. ಹಾಗಾಗಿ ನೋಡುವ ಹೊಣೆ ಯಾರದೆಂಬುದು ಮಸುಕಾಗಿದೆ. ಮಲಗುವ ಜಾಗ, ಅಡುಗೆ ಕಟ್ಟೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲ ಇರುವ ಮೋಟಾರು ಕ್ಯಾರವಾನ್‌ಗಳೂ ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ದೊರೆಯುತ್ತವೆ. ನೆರೆಯ ಕೇರಳ ರಾಜ್ಯವು 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕೆಂದೇ ಒಂದು ಯೋಜನೆಯನ್ನು ಆರಂಭಿಸಿತು. ಟೆಂಪೋ ಆಗಲಿ, ಕ್ಯಾರವಾನ್ ಆಗಲಿ, ಪರೀಕ್ಷಿಸಬೇಕಾದ ಅಂಶಗಳು ಬಹುಮಟ್ಟಿಗೆ ಒಂದೇ.

ಟೈರು: ಗಾಳಿಯೇ ಹೊರೆ ಹೊರುವುದು

ವಾಹನದ ಭಾರವನ್ನು ಹೊರುವುದು ರಬ್ಬರು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದನ್ನು ಹೊರುವುದು ಒಳಗೆ ಒತ್ತಿ ತುಂಬಿದ ಗಾಳಿ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ನೆಲ ಮುಟ್ಟುವಲ್ಲಿ ಬಾಗುತ್ತದೆ, ಮೇಲಕ್ಕೆ ಬಂದಾಗ ನೆಟ್ಟಗಾಗುತ್ತದೆ. ಸುತ್ತಳತೆ ಸುಮಾರು 2.2 ಮೀಟರ್ ಇರುವ ಟೈರು ಒಂದು ಕಿಲೋಮೀಟರಿಗೆ 450 ಸುತ್ತು ಸುತ್ತುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇದು ನಿಮಿಷಕ್ಕೆ 450 ಬಾರಿ ಬಾಗಿ ನೆಟ್ಟಗಾದಂತೆ. ಒಂದು ತಂತಿಯನ್ನು ಬೇಗ ಬೇಗ ಮಡಿಸಿ ಬಿಡಿಸಿದರೆ ಅದು ಬಿಸಿಯಾಗುವುದನ್ನು ನೀವು ಕಂಡಿದ್ದೀರಿ. ಟೈರಿನಲ್ಲಿಯೂ ನಡೆಯುವುದು ಅದೇ. ಬೇಸಿಗೆಯ ಹೆದ್ದಾರಿಯಲ್ಲಿ ಟೈರು ಸಿಡಿಯಲು ಗಾಳಿ ಹೆಚ್ಚಾದದ್ದೇ ಕಾರಣವೆಂದು ಹಲವರು ಹೇಳುತ್ತಾರೆ. ಆದರೆ ಗಾಳಿ ಕಡಿಮೆಯಾಗಿ, ಹೊರೆ ಹೆಚ್ಚಾಗಿ, ಒಳಗಿನ ಪದರಗಳು ಕಾದು ಬಿಟ್ಟುಕೊಳ್ಳುವುದೂ ಅಷ್ಟೇ ದೊಡ್ಡ ಕಾರಣ.

ಗಾಳಿಯ ಒತ್ತಡವನ್ನು ಬೆಳಿಗ್ಗೆ, ವಾಹನ ಓಡುವ ಮುನ್ನವೇ ಅಳೆಯಬೇಕು. ಓಡಿದ ಮೇಲೆ ಗಾಳಿ ಕಾದು ಒತ್ತಡ ಏರಿರುತ್ತದೆ. ಆಗ ಅಳೆದು, ಹೆಚ್ಚಾಗಿದೆಯೆಂದು ಗಾಳಿ ಬಿಡುವುದು ತಪ್ಪು. ಎಷ್ಟಿರಬೇಕೆಂಬ ಅಂಕೆಯನ್ನು ತಯಾರಕರು ಬಾಗಿಲ ಬಳಿಯ ಚೀಟಿಯಲ್ಲಿಯೋ ಕೈಪಿಡಿಯಲ್ಲಿಯೋ ಕೊಟ್ಟಿರುತ್ತಾರೆ.

ಟೈರಿನ ಮೈಮೇಲೆ ನಾಲ್ಕು ಅಂಕಿಗಳ ಒಂದು ಗುರುತನ್ನು ಹುಡುಕಿ. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹೆಚ್ಚು ಓಡದಿದ್ದರೂ ರಬ್ಬರು ಬಿಸಿಲಿಗೆ, ವಯಸ್ಸಿಗೆ ಬಿರುಕು ಬಿಡುತ್ತದೆ. ವರ್ಷದಲ್ಲಿ ಹೆಚ್ಚು ಕಾಲ ನಿಂತೇ ಇರುವ ವಾಹನಗಳಲ್ಲಿ ಇದನ್ನು ಮುಖ್ಯವಾಗಿ ನೋಡಬೇಕು. ಟೈರಿನ ಅಚ್ಚುಗೆರೆಗಳ ಆಳ ಕಾರು, ಬಸ್ಸುಗಳಲ್ಲಿ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಸ್ಟೆಪ್ನಿಯನ್ನೂ ಇದೇ ರೀತಿ ಪರೀಕ್ಷಿಸಬೇಕು. ಚಕ್ರ ಬದಲಿಸಿದ್ದರೆ 50-100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು. ಹಳೆಯ ಕಾಲದ ಕಡಾಣಿ ನೋಡುವ ಕೆಲಸವೇ ಇದು.

ಹೊರೆ: ಭಾರವಾದದ್ದು ಕೆಳಗೆ

ಹನ್ನೆರಡು ಮಂದಿ, ತಲಾ 60 ಕಿಲೋ ಎಂದರೆ 720 ಕಿಲೋ ಆಯಿತು. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು 40 ಕಿಲೋ, ಅಕ್ಕಿ ಮೂಟೆ 25 ಕಿಲೋ, ಇವುಗಳ ಜೊತೆಗೆ ಪಾತ್ರೆ, ಹಾಸಿಗೆ, ಬ್ಯಾಗುಗಳು. ಎಲ್ಲ ಸೇರಿಸಿದರೆ ಲೆಕ್ಕ ಸುಲಭವಾಗಿ 900 ಕಿಲೋ ದಾಟುತ್ತದೆ. ಸೀಟಿನ ಸಂಖ್ಯೆ ಸರಿಯಾಗಿದ್ದರೂ ಹೊರೆ ಮಿತಿ ಮೀರಿರಬಹುದು.

ಸಾಮಾನನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ಅಕ್ಕಿ ಮೂಟೆಯನ್ನೂ ನೀರಿನ ಕ್ಯಾನನ್ನೂ ಮೇಲಿನ ಕ್ಯಾರಿಯರ್‌ಗೆ ಏರಿಸಿದರೆ ಗುರುತ್ವ ಕೇಂದ್ರ ಮೇಲೇರುತ್ತದೆ. ತಿರುವಿನಲ್ಲಿ ವಾಹನ ಹೊರಕ್ಕೆ ವಾಲುತ್ತದೆ. ಆದುದರಿಂದ ಭಾರವಾದದ್ದು ಕೆಳಗೆ, ಎರಡೂ ಅಚ್ಚುಗಳ ನಡುವೆ ಇರಲಿ. ಹಾಸಿಗೆ, ಬಟ್ಟೆಯಂಥ ಹಗುರವಾದವು ಮೇಲೆ ಇರಲಿ. ಒಳಗಿನ ಸಾಮಾನನ್ನು ಹಗ್ಗದಿಂದ ಕಟ್ಟಬೇಕು. ಬ್ರೇಕು ಹಾಕಿದಾಗ ವಾಹನ ನಿಂತರೂ ಕಟ್ಟದ ಪಾತ್ರೆ ಮುಂದಕ್ಕೆ ಹಾರುತ್ತದೆ. ನ್ಯೂಟನ್ನನ ಮೊದಲ ನಿಯಮಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬ್ರೇಕು: ಘಾಟಿ ಇಳಿಯುವ ಲೆಕ್ಕ

ಬಸರಾಳಿನಿಂದ ನಾಗಮಂಗಲ, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನದ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗುವವರು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಾರೆ. ಬಯಲು ಸೀಮೆಯ ರಸ್ತೆಯಲ್ಲಿ ಬ್ರೇಕಿನ ದೋಷ ಗೊತ್ತಾಗುವುದೇ ಇಲ್ಲ. ಅದು ಬಯಲಾಗುವುದು ಇಲ್ಲಿ.

ನಾಲ್ಕು ಟನ್ ತೂಕದ ವಾಹನ 500 ಮೀಟರ್ ಕೆಳಗಿಳಿಯಿತು ಎನ್ನೋಣ. ಅದು ಕಳೆದುಕೊಳ್ಳುವ ಸ್ಥಿತಿಶಕ್ತಿ 4000 × 9.8 × 500, ಅಂದರೆ ಸುಮಾರು 1 ಕೋಟಿ 96 ಲಕ್ಷ ಜೌಲ್. ಅರವತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಇಷ್ಟನ್ನೂ ಬ್ರೇಕಿನಿಂದಲೇ ತಡೆಯಲು ಹೋದರೆ ಡ್ರಮ್ಮು, ಲೈನರ್‌ಗಳು ಕೆಂಡದಂತೆ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದುದರಿಂದ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿದು, ತಡೆಯುವ ಕೆಲಸದ ಬಹುಪಾಲನ್ನು ಎಂಜಿನ್ನಿಗೇ ಬಿಡಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವುದು, ಎಂಜಿನ್ ಆರಿಸುವುದು ಆತ್ಮಹತ್ಯೆಗೆ ಸಮಾನ. ಎಂಜಿನ್ ನಿಂತರೆ ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ಸಹಾಯ ನಿಂತು ಅವು ಗಡುಸಾಗುತ್ತವೆ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ 3’ ದರ್ಜೆಯ ಹೊಸ ದ್ರವದ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿರಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಇದು 140 ಡಿಗ್ರಿಯವರೆಗೂ ಇಳಿಯಬಹುದು. ಕಾದ ಬ್ರೇಕಿನಲ್ಲಿ ದ್ರವ ಕುದಿದು ಆವಿಯ ಗುಳ್ಳೆಗಳಾದರೆ ಪೆಡಲು ಒತ್ತಿದಾಗ ಗುಳ್ಳೆಗಳಷ್ಟೇ ಕುಗ್ಗುತ್ತವೆ, ಚಕ್ರ ನಿಲ್ಲುವುದಿಲ್ಲ. ದ್ರವವನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಹೇಳುವುದು ಇದಕ್ಕಾಗಿ.

ಬ್ಯಾಟರಿ: ಕೂಡಿಟ್ಟದ್ದನ್ನು ಅಳೆದು ಬಳಸಿ

ವಾಹನದ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ವಿಶ್ರಾಂತ ಸ್ಥಿತಿಯಲ್ಲಿ 12.6 ವೋಲ್ಟ್ ತೋರಿದರೆ ತುಂಬಿದೆ ಎಂದೂ, 12 ವೋಲ್ಟಿಗೆ ಇಳಿದರೆ ಬಹುಮಟ್ಟಿಗೆ ಬರಿದಾಗಿದೆ ಎಂದೂ ತಿಳಿಯಬಹುದು. ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಲೇ ರಾತ್ರಿಯಿಡೀ ದೀಪ, ಫ್ಯಾನು, ಟೇಪು ನಡೆಸಿದರೆ ಬೆಳಿಗ್ಗೆ ವಾಹನವನ್ನು ತಳ್ಳಬೇಕಾಗುತ್ತದೆ. ಕ್ಯಾರವಾನ್‌ಗಳಲ್ಲಿ ಮನೆಬಳಕೆಗೆ ಬೇರೆ ಬ್ಯಾಟರಿ ಇಡುವುದು ಈ ಕಾರಣಕ್ಕಾಗಿಯೇ.

ದೀಪ, ಫ್ಯಾನು, ಫೋನ್ ಚಾರ್ಜಿಂಗ್ ಸೇರಿ 60 ವ್ಯಾಟ್ ಬೇಕು ಎಂದಿಟ್ಟುಕೊಳ್ಳಿ. 60ನ್ನು 12ರಿಂದ ಭಾಗಿಸಿದರೆ 5 ಆಂಪೇರ್. ನೂರು ಆಂಪೇರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವುದು ಅದರ ಬಾಳಿಕೆಗೆ ಒಳ್ಳೆಯದು. ಆಗ 10 ಗಂಟೆ ನಡೆಯುತ್ತದೆ. ಇದೇ ಬ್ಯಾಟರಿಗೆ ಇನ್ವರ್ಟರ್ ಮೂಲಕ 1000 ವ್ಯಾಟಿನ ಕೆಟಲ್ ಜೋಡಿಸಿದರೆ 80 ಆಂಪೇರ್‌ಗೂ ಹೆಚ್ಚು ವಿದ್ಯುತ್ತು ಹರಿಯಬೇಕು. ಸಣ್ಣ ತಂತಿ ಕಾದು ಹೊದಿಕೆ ಕರಗುವುದು ಹೀಗೆಯೇ. ಆದುದರಿಂದ ಪ್ರತಿ ತಂತಿಗೂ ತಕ್ಕ ಫ್ಯೂಸ್ ಇರಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಬಾರದು.

ಅಡುಗೆ ಅನಿಲ ಮತ್ತು ಕಾಣದ ವಿಷ

2023ರ ಆಗಸ್ಟ್ 26ರಂದು ಮದುರೆ ರೈಲು ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಖಾಸಗಿ ಬೋಗಿಯೊಂದಕ್ಕೆ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ನಿಯಮ ಮೀರಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರ್ ಅದಕ್ಕೆ ಕಾರಣವೆಂದು ರೈಲ್ವೆ ಇಲಾಖೆ ತಿಳಿಸಿತು.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ಮೇಲೇರಿ ಕಿಟಕಿಯಿಂದ ಹೊರಹೋಗುವುದಿಲ್ಲ. ನೀರಿನಂತೆ ಇಳಿದು ಸೀಟಿನ ಕೆಳಗೆ, ನೆಲದಲ್ಲಿ ಮಡುಗಟ್ಟುತ್ತದೆ. ಒಂದು ಸ್ವಿಚ್ಚಿನ ಕಿಡಿ ಸಾಕು. ಆದುದರಿಂದ ವಾಹನದ ಒಳಗೆ ಒಲೆ ಹಚ್ಚಲೇಬಾರದು. ದಾರಿಯಲ್ಲಿ ಛತ್ರವನ್ನೋ ಬಯಲನ್ನೋ ನೋಡಿ, ಎಲ್ಲರೂ ಇಳಿದು, ಹೊರಗೆ ಅಡುಗೆ ಮಾಡಬೇಕು. ಅಡುಗೆ ಕಟ್ಟೆಯಿರುವ ಕ್ಯಾರವಾನ್‌ನಲ್ಲಿ ಸಿಲಿಂಡರಿಗೆ ಹೊರಗಡೆ ತೆರೆಯುವ ಪ್ರತ್ಯೇಕ ಗೂಡು, ತಳದಲ್ಲಿ ಅನಿಲ ಹೊರಹೋಗುವ ಕಿಂಡಿ ಇರಬೇಕು. ಸೋರಿಕೆಯನ್ನು ಸಾಬೂನು ನೊರೆ ಹಚ್ಚಿ ನೋಡಬೇಕೇ ಹೊರತು ಬೆಂಕಿಕಡ್ಡಿ ಗೀರಿ ಅಲ್ಲ.

ಅನಿಲಕ್ಕಾದರೂ ವಾಸನೆ ಸೇರಿಸಿರುತ್ತಾರೆ. ವಾಸನೆಯೇ ಇಲ್ಲದ ವಿಷ ಇನ್ನೊಂದಿದೆ. 2024ರ ಡಿಸೆಂಬರ್ 23ರಂದು ಕೇರಳದ ವಡಗರದ ಬಳಿ ರಸ್ತೆ ಬದಿಯಲ್ಲಿ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಸತ್ತಿರುವುದು ಕಂಡುಬಂತು. ಜನರೇಟರಿನಿಂದ ಬಂದ ಕಾರ್ಬನ್ ಮಾನಾಕ್ಸೈಡ್, ವಾಹನದ ನೆಲದಲ್ಲಿದ್ದ ರಂಧ್ರದ ಮೂಲಕ ಒಳಸೇರಿತ್ತೆಂದು ಕಲ್ಲಿಕೋಟೆಯ ಎನ್‌ಐಟಿ ತಜ್ಞರ ಪರೀಕ್ಷೆ ತಿಳಿಸಿತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ನಿದ್ದೆಯಲ್ಲಿರುವವರಿಗೆ ಅದೂ ತಿಳಿಯುವುದಿಲ್ಲ. ಚಳಿಯೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ವಾಹನದೊಳಗೆ ಇಟ್ಟು ಮಲಗಿದರೂ ಇದೇ ಗತಿ. ಜನರೇಟರನ್ನು ವಾಹನದಿಂದ ಕನಿಷ್ಠ ಆರು ಮೀಟರ್ ದೂರದಲ್ಲಿ, ಹೊಗೆ ವಾಹನದ ಕಡೆ ಬೀಸದಂತೆ ಇಡಬೇಕು. ಮಲಗುವ ವಾಹನದಲ್ಲಿ ಈ ಅನಿಲವನ್ನು ಗುರುತಿಸಿ ಕೂಗುವ ಸಣ್ಣ ಉಪಕರಣ ಇರಲೇಬೇಕು.

ಜೊತೆಯಲ್ಲಿರಬೇಕಾದ ಸಲಕರಣೆ

ಜಾಕಿ, ಚಕ್ರದ ಪಾನಾ, ಗಾಳಿಯ ಒತ್ತಡ ಅಳೆಯುವ ಮಾಪಕ, ಬಿಡಿ ಫ್ಯೂಸು, ಟಾರ್ಚು, ಚಕ್ರಕ್ಕೆ ಒಡ್ಡುವ ಎರಡು ಮರದ ತುಂಡು, ಪ್ರತಿಫಲಿಸುವ ತ್ರಿಕೋನ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಣಪುಡಿಯ ಅಗ್ನಿಶಾಮಕ. ಅಗ್ನಿಶಾಮಕದ ಮುಳ್ಳು ಹಸಿರು ಭಾಗದಲ್ಲಿದೆಯೇ ನೋಡಿ. ಬಳಸುವಾಗ ಪಿನ್ನು ಎಳೆದು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಟ್ಟು ಹಾಯಿಸಬೇಕು.

ಇನ್ನೊಂದು ಸಲಕರಣೆಯನ್ನು ಮಂಡ್ಯ ಜಿಲ್ಲೆಯವರು ಮರೆಯಬಾರದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ವಾಹನ ಬಾಗಿಲ ಕಡೆಗೆ ಬಿದ್ದರೆ ಕಿಟಕಿಯೇ ದಾರಿ. ಗಾಜು ಒಡೆಯುವ ಚೂಪು ಸುತ್ತಿಗೆ ಕೈಗೆ ಸಿಗುವಂತಿರಬೇಕು. ಪಕ್ಕದ ಕಿಟಕಿಯ ಗಾಜಿನ ಮೂಲೆಗೆ ಹೊಡೆದರೆ ಅದು ಪುಡಿಯಾಗುತ್ತದೆ. ಮುಂದಿನ ಗಾಜು ಪದರಗಳನ್ನು ಅಂಟಿಸಿ ಮಾಡಿದ್ದು, ಅದು ಬಿರುಕು ಬಿಟ್ಟರೂ ಸುಲಭವಾಗಿ ದಾರಿ ಕೊಡದು. ಪ್ರಯಾಣಿಕರೆಲ್ಲರಿಗೂ ತುರ್ತು ಸಹಾಯದ 112 ಮತ್ತು ಆಂಬುಲೆನ್ಸಿನ 108 ಸಂಖ್ಯೆಗಳು ಬಾಯಿಗೆ ಬರಬೇಕು.

ಕೇಳುವುದು ತಪ್ಪಲ್ಲ

ಇಷ್ಟನ್ನೂ ಓದಿದ ಮೇಲೆ ವಿದ್ಯಾರ್ಥಿಗಳು, “ವಾಹನ ನಮ್ಮದಲ್ಲ, ನಾವೇನು ಮಾಡಬಲ್ಲೆವು?” ಎಂದು ಕೇಳಬಹುದು. ಹೊರಡುವ ಮುನ್ನ ಹತ್ತು ನಿಮಿಷ ವಾಹನದ ಸುತ್ತ ಒಂದು ಸುತ್ತು ಬನ್ನಿ. “ಅಣ್ಣ, ಟೈರಿಗೆ ಗಾಳಿ ನೋಡಿಸಿದ್ದೀರಾ? ಸ್ಟೆಪ್ನಿ ಸರಿಯಿದೆಯಾ?” ಎಂದು ಚಾಲಕರನ್ನು ವಿನಯದಿಂದ ಕೇಳಿ. ಒಳ್ಳೆಯ ಚಾಲಕರು ಇದರಿಂದ ಬೇಸರಪಡುವುದಿಲ್ಲ. ರಾತ್ರಿಯೆಲ್ಲ ಓಡಿಸಿದವರಿಗೆ ನಿದ್ದೆ ಮಾಡಲು ಸಮಯ ಕೊಡಬೇಕೆಂದು ಮನೆಯ ಹಿರಿಯರಿಗೆ ಹೇಳಿ. ಎಷ್ಟೇ ಉಸ್ತುವಾರಿ ಮಾಡಿದ ವಾಹನವೂ ತೂಕಡಿಸುವ ಕೈಯಲ್ಲಿ ಸುರಕ್ಷಿತವಲ್ಲ.

ಅಭ್ಯಾಸಕ್ಕೆ ನಿಮ್ಮ ಸೈಕಲ್ಲಿನಿಂದಲೇ ಆರಂಭಿಸಬಹುದು. ಗಾಳಿ, ಬ್ರೇಕಿನ ಕಟ್ಟೆ, ಚೈನಿನ ಎಣ್ಣೆ, ಚಕ್ರದ ನಟ್ಟು, ಈ ನಾಲ್ಕನ್ನು ವಾರಕ್ಕೊಮ್ಮೆ ನೋಡುವ ರೂಢಿ ಮಾಡಿಕೊಳ್ಳಿ. ಸೈಕಲ್ಲಿನಲ್ಲಿ ಕಲಿತ ಕಣ್ಣು ನಾಳೆ ದೊಡ್ಡ ವಾಹನದಲ್ಲಿಯೂ ಕೆಲಸಕ್ಕೆ ಬರುತ್ತದೆ.

ತರಗತಿಯಲ್ಲಿ ಚರ್ಚಿಸಲು

1. ಟೈರಿನ ಒತ್ತಡವನ್ನು ವಾಹನ ಓಡುವ ಮುನ್ನವೇ ಏಕೆ ಅಳೆಯಬೇಕು?
2. ನಿಮ್ಮ ಮನೆಯವರು ಪ್ರವಾಸಕ್ಕೆ ಒಯ್ಯುವ ಸಾಮಾನುಗಳ ತೂಕದ ಪಟ್ಟಿ ಮಾಡಿ. ಯಾವುದನ್ನು ಎಲ್ಲಿಡುತ್ತೀರಿ?
3. ಅಡುಗೆ ಅನಿಲ ಮತ್ತು ಕಾರ್ಬನ್ ಮಾನಾಕ್ಸೈಡ್ ಇವೆರಡರ ಅಪಾಯಗಳಲ್ಲಿರುವ ವ್ಯತ್ಯಾಸವೇನು?