ಏಪ್ರಿಲ್‌ನ ಕಾಯಿಲೆ, ಜನವರಿಯ ಚಳಿ

128 ಘನ ಅಡಿ. ಅಮೆರಿಕದ ಈಶಾನ್ಯ ಮೂಲೆಯ ಮೈನ್ ರಾಜ್ಯದ ಹಳ್ಳಿಗಾಡಿನಲ್ಲಿ ಚಳಿಗಾಲದ ಲೆಕ್ಕ ಈ ಅಂಕಿಯಿಂದ ಶುರುವಾಗುತ್ತದೆ. ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎಂಟು ಅಡಿ ಉದ್ದಕ್ಕೆ ಒತ್ತಾಗಿ ಒಟ್ಟಿದ ಸೌದೆಗೆ ಅಲ್ಲಿ ಒಂದು ‘ಕಾರ್ಡ್’ ಎನ್ನುತ್ತಾರೆ. ಸಂದಿನ ಗಾಳಿ ಕಳೆದರೆ ಅದರಲ್ಲಿ ಮರ ಇರುವುದು ಸುಮಾರು 85 ಘನ ಅಡಿ. ಚೆನ್ನಾಗಿ ಒಣಗಿದ ಮೇಪಲ್ ಅಥವಾ ಓಕ್ ಮರದ ಒಂದು ಕಾರ್ಡ್ ಉರಿದರೆ ಬಿಟಿಯು ಎಂಬ ಶಾಖದ ಅಳತೆಯಲ್ಲಿ ಸುಮಾರು 2.4 ಕೋಟಿ ಹೊರಡುತ್ತದೆ. ಬಿಳಿ ಪೈನ್ ಆದರೆ ಒಂದೂವರೆ ಕೋಟಿಯ ಆಸುಪಾಸು.

ರಾಜ್ಯದ ಹತ್ತಿರಹತ್ತಿರ ಶೇ. 90ರಷ್ಟು ನೆಲ ಕಾಡು. ಉತ್ತರದ ಕ್ಯಾರಿಬೂ ಪಟ್ಟಣದಲ್ಲಿ ಜನವರಿಯ ರಾತ್ರಿ ಶೂನ್ಯಕ್ಕಿಂತ 15 ಡಿಗ್ರಿ ಸೆಲ್ಸಿಯಸ್‌ ಕೆಳಗಿಳಿಯುವುದು ಸಾಮಾನ್ಯ. 2009ರ ಜನವರಿ 16ರಂದು ಬಿಗ್ ಬ್ಲ್ಯಾಕ್ ರಿವರ್ ಎಂಬಲ್ಲಿ ಮೈನಸ್ 45 ದಾಟಿತ್ತು. ಇಷ್ಟು ಕಾಡಿದ್ದರೂ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಾಗುವುದು ಸೌದೆಯಿಂದಲ್ಲ, ತೈಲದಿಂದ. ಈ ಪ್ರಮಾಣ ದೇಶದಲ್ಲೇ ಅತಿ ಹೆಚ್ಚು. ಲಾರಿಯಲ್ಲಿ ಬಂದ ತೈಲವನ್ನು ನೆಲಮಾಳಿಗೆಯ 275 ಗ್ಯಾಲನ್ ಟ್ಯಾಂಕಿಗೆ ತುಂಬಿಸಿಕೊಳ್ಳುತ್ತಾರೆ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ವರ್ಷಕ್ಕೆ 800 ಗ್ಯಾಲನ್, ಅಂದರೆ ಸುಮಾರು 3,000 ಲೀಟರ್ ತೈಲ. ಗ್ಯಾಲನ್ನಿಗೆ ಮೂರೂವರೆ ಡಾಲರ್ ಹಿಡಿದರೆ 2,800 ಡಾಲರ್. ಒಂದು ಗ್ಯಾಲನ್ ತೈಲದಲ್ಲಿ 1,38,500 ಬಿಟಿಯು ಇರುತ್ತದೆ. ಬಾಯ್ಲರ್ ಅದರಲ್ಲಿ ಶೇ. 85 ಅನ್ನು ಮನೆಗೆ ಕೊಡುತ್ತದೆ ಎನ್ನೋಣ. ಒಳ್ಳೆಯ ಸೌದೆ ಒಲೆ ಶೇ. 70 ಕೊಡುತ್ತದೆ. ಆಗ ಒಂದು ಕಾರ್ಡ್ ಗಟ್ಟಿಮರ 143 ಗ್ಯಾಲನ್ ತೈಲಕ್ಕೆ ಸಮ, ಇಡೀ ಚಳಿಗಾಲಕ್ಕೆ ಬೇಕಾದದ್ದು 5.6 ಕಾರ್ಡ್. ಕಾರ್ಡಿಗೆ 350 ಡಾಲರಿನಂತೆ ಕೊಂಡರೆ 1,960 ಡಾಲರ್. ಸ್ವಂತ ಮರ ಇದ್ದು ತಾನೇ ಕಡಿದುಕೊಂಡರೆ ಗರಗಸದ ಪೆಟ್ರೋಲು, ಎಣ್ಣೆ, ಹೊಸ ಚೈನು ಸೇರಿ 200 ಡಾಲರಿನೊಳಗೆ ಮುಗಿಯುತ್ತದೆ. ಕಾಡು ಬರಿದಾಗದಂತೆ ಕಡಿಯಲು ವರ್ಷಕ್ಕೆ ಎಕರೆಗೆ ಅರ್ಧ ಕಾರ್ಡ್ ಎಂಬ ಲೆಕ್ಕ ಬಹಳ ಕಾಲದಿಂದ ನಡೆದು ಬಂದಿದೆ. ಅದರಂತೆ ಈ ಮನೆಗೆ ಸುಮಾರು 11 ಎಕರೆ ಮರವಿದ್ದರೆ ಸಾಕು.

2,800 ಡಾಲರ್ ಒಂದು ಕಡೆ, 200 ಡಾಲರ್ ಇನ್ನೊಂದು ಕಡೆ. ನಡುವಿನ 2,600 ಡಾಲರನ್ನು ಭರಿಸುವುದು ಒಬ್ಬ ಮನುಷ್ಯನ ಬೆನ್ನು, ಭುಜ, ಮೊಣಕೈ. 5.6 ಕಾರ್ಡ್ ಒಣಸೌದೆ ಎಂದರೆ ಒಂಬತ್ತು ಟನ್. ಬಿದ್ದ ಮರವನ್ನು ತುಂಡರಿಸುವಾಗ, ಗಾಡಿಗೆ ಏರಿಸುವಾಗ, ಸೀಳುವಾಗ, ಒಟ್ಟುವಾಗ, ಕೊನೆಗೆ ಒಲೆಯ ಬಳಿಗೆ ತರುವಾಗ ಒಂದೊಂದು ತುಂಡನ್ನೂ ಐದು ಸಲವಾದರೂ ಕೈಯಲ್ಲಿ ಎತ್ತಬೇಕು. ಒಟ್ಟು 45 ಟನ್. ಹಸಿಸೌದೆಯ ತೂಕ ಇನ್ನೂ ಜಾಸ್ತಿ: ಒಂದು ಕಾರ್ಡಿನಲ್ಲಿ ಸುಮಾರು 450 ಕಿಲೋ ನೀರೇ ಹೆಚ್ಚಿಗೆ ಇರುತ್ತದೆ. ಆ ನೀರು ಆರಿ ತೇವಾಂಶ ಶೇ. 20ಕ್ಕಿಂತ ಕೆಳಗಿಳಿಯಬೇಕು. ಇಳಿಯದಿದ್ದರೆ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಆ ಹೊಗೆ ಕೊಳವೆಯಲ್ಲಿ ಕ್ರಿಯೋಸೋಟ್ ಎಂಬ ಕರಿ ಅಂಟಾಗಿ ಕೂತು, ಒಂದು ದಿನ ಕೊಳವೆಗೇ ಬೆಂಕಿ ಹತ್ತಿಸುತ್ತದೆ. ಆ್ಯಶ್, ಬರ್ಚ್ ಮರಗಳನ್ನು ವಸಂತದಲ್ಲಿ ಸೀಳಿ ಒಟ್ಟಿದರೆ ಆ ವರ್ಷದ ಚಳಿಗೇ ಒದಗಬಹುದು. ಓಕ್‌ಗೆ ಒಂದು ವರ್ಷ ಸಾಲದು.

ಹಾಗಾಗಿ ಜನವರಿಯ ಬೆಂಕಿಯನ್ನು ಏಪ್ರಿಲ್, ಮೇ ತಿಂಗಳಲ್ಲೇ ಕೂಡಿಡಬೇಕು. ಹಳ್ಳಿಯ ಬಡತನದ ಬಗ್ಗೆ ಬರೆಯುವವರು ವರ್ಷದ ಆದಾಯ ಹೇಳುತ್ತಾರೆ, ವರ್ಷದ ಖರ್ಚು ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಅಂಕಿ ತಿಂಗಳು. ಕಷ್ಟ ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದು ಯಾವ ತಿಂಗಳಲ್ಲಿ ಬಂತು ಎಂಬುದನ್ನೂ ಕೇಳದಿದ್ದರೆ ಲೆಕ್ಕ ತಪ್ಪುತ್ತದೆ.

ಕೆಲಸ ಹೋಗುವುದನ್ನೇ ನೋಡಿ. ಮೈನ್‌ನಲ್ಲಿ ಕಾಗದದ ಗಿರಣಿಗಳು ಒಂದರ ಹಿಂದೊಂದು ಮುಚ್ಚಿವೆ. ಮಿಲಿನಾಕೆಟ್ ಪಟ್ಟಣದ ಗಿರಣಿ 2008ರಲ್ಲಿ ನಿಂತಿತು. 1970ರಲ್ಲಿ 7,700 ದಾಟಿದ್ದ ಅಲ್ಲಿನ ಜನಸಂಖ್ಯೆ 2020ರ ಗಣತಿಯಲ್ಲಿ 4,114. ಬಕ್ಸ್‌ಪೋರ್ಟ್ ಗಿರಣಿ ಮುಚ್ಚಿದ್ದು 2014ರ ಡಿಸೆಂಬರ್‌ನಲ್ಲಿ, 500ಕ್ಕೂ ಹೆಚ್ಚು ಜನ ಹೊರಬಿದ್ದರು. ಜೇ ಪಟ್ಟಣದ ಆಂಡ್ರೊಸ್ಕಾಗಿನ್ ಗಿರಣಿಯಲ್ಲಿ 2020ರ ಏಪ್ರಿಲ್ 15ರಂದು ಮರದ ತಿರುಳು ಬೇಯಿಸುವ ಡೈಜೆಸ್ಟರ್ ಸಿಡಿಯಿತು. ಮೂರು ವರ್ಷ ಹೇಗೋ ಎಳೆದು 2023ರ ಮಾರ್ಚ್‌ನಲ್ಲಿ ಅದೂ ಬಾಗಿಲು ಹಾಕಿತು. ಆಗ ಕೆಲಸ ಕಳೆದುಕೊಂಡವರು ಸುಮಾರು 230.

ಮೈನ್‌ನಲ್ಲಿ ನಿರುದ್ಯೋಗ ಭತ್ಯೆ ಹೆಚ್ಚೆಂದರೆ 26 ವಾರ. ಡಿಸೆಂಬರ್‌ನಲ್ಲಿ ಕೆಲಸ ಹೋದವನಿಗೆ ಅದು ಜೂನ್‌ವರೆಗೆ ಬರುತ್ತದೆ, ಇಡೀ ಚಳಿ ಅದರೊಳಗೆ ಕಳೆಯುತ್ತದೆ. ಮಾರ್ಚ್‌ನಲ್ಲಿ ಹೋದವನಿಗೆ ಸೆಪ್ಟೆಂಬರ್‌ಗೇ ಮುಗಿಯುತ್ತದೆ. ಮೊದಲ ಮಂಜು ಬೀಳುವ ಹೊತ್ತಿಗೆ ಚೆಕ್ ನಿಂತಿರುತ್ತದೆ. ಆದರೆ ಮಾರ್ಚ್‌ನವನಿಗೆ ಇನ್ನೊಂದು ದಾರಿ ಉಂಟು. ಮುಂದೆ ಪೂರ್ತಿ ವಸಂತ ಇದೆ, ಬೇಸಿಗೆ ಇದೆ, ಮರ ಇದೆ, ಕೈಯಲ್ಲಿ ಸಮಯ ಇದೆ. ಮೈಯಲ್ಲಿ ಕಸುವಿದ್ದರೆ ಅವನು ಆ 2,600 ಡಾಲರನ್ನು ತೋಳಿನಿಂದಲೇ ದುಡಿದುಕೊಳ್ಳುತ್ತಾನೆ. ಆ ದುಡಿಮೆಗೆ ತೆರಿಗೆಯಿಲ್ಲ, ಸಾಲ ಕೊಟ್ಟ ಯಾವನೂ ಅದನ್ನು ಜಪ್ತಿ ಮಾಡಲಾರ. ಡಿಸೆಂಬರ್‌ನವನಿಗೆ ಈ ದಾರಿ ಮುಚ್ಚಿದೆ. ಆಗ ಕಡಿದ ಹಸಿಸೌದೆ ಆ ಚಳಿಗೆ ಉಪಯೋಗಕ್ಕೆ ಬಾರದು.

ಅದೇ ಮಾರ್ಚ್‌ನವನು ಏಪ್ರಿಲ್‌ನಲ್ಲಿ ಹಾಸಿಗೆ ಹಿಡಿದರೆ? ಭತ್ಯೆಗೂ ಕುತ್ತು, ಏಕೆಂದರೆ ಕೆಲಸ ಮಾಡಲು ಶಕ್ತನಾಗಿದ್ದು ಕೆಲಸ ಹುಡುಕುತ್ತಿರಬೇಕು ಎಂಬುದು ಅದರ ಷರತ್ತು. ಸೌದೆಯೂ ಆಗುವುದಿಲ್ಲ. ನಿರುದ್ಯೋಗ, ಕಾಯಿಲೆ, ಚಳಿ ಈ ಮೂರು ಕಷ್ಟಗಳು ಮೂರರಷ್ಟಾಗಿ ಕೂಡುವುದಿಲ್ಲ. ಒಂದರಿಂದ ತಪ್ಪಿಸಿಕೊಳ್ಳಲು ಇದ್ದ ದಾರಿಯನ್ನು ಇನ್ನೊಂದು ಕಡಿದು ಹಾಕುತ್ತದೆ.

ಆಸ್ಪತ್ರೆಯ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ದುಡಿಯುವ ವಯಸ್ಸಿನ ಬಹುಪಾಲು ಜನರ ಆರೋಗ್ಯ ವಿಮೆ ನೌಕರಿಗೆ ಅಂಟಿಕೊಂಡಿದೆ. 2024ರಲ್ಲಿ ಕಂಪನಿಗಳ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಕಂತು ವರ್ಷಕ್ಕೆ 25,572 ಡಾಲರ್ ಇತ್ತು. ಅದರಲ್ಲಿ ನೌಕರ ತನ್ನ ಸಂಬಳದಿಂದ ಕೊಡುತ್ತಿದ್ದದ್ದು 6,296, ತಿಂಗಳಿಗೆ 525. ಕೆಲಸ ಹೋದ ಮೇಲೂ ಅದೇ ವಿಮೆಯನ್ನು 18 ತಿಂಗಳು ಉಳಿಸಿಕೊಳ್ಳಲು ‘ಕೋಬ್ರಾ’ ಎಂಬ ಕಾನೂನು ಅವಕಾಶ ಕೊಡುತ್ತದೆ, ಆದರೆ ಪೂರ್ತಿ ಕಂತಿನ ಶೇ. 102ರವರೆಗೆ ತಾನೇ ಕಟ್ಟಬೇಕು. ತಿಂಗಳಿಗೆ 2,174 ಡಾಲರ್. ವಾರಕ್ಕೆ 500 ಡಾಲರ್ ಭತ್ಯೆ ಬರುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ ಆಗುವುದು 2,167. ಬಂದದ್ದಷ್ಟನ್ನೂ ವಿಮೆಗೆ ಸುರಿದರೂ ಏಳು ಡಾಲರ್ ಸಾಲದೆ ಬರುತ್ತದೆ. ಅಕ್ಕಿ, ತೈಲ, ಮನೆ ಸಾಲ ಎಲ್ಲ ಆಮೇಲಿನ ಮಾತು. ಮಾಲೀಕ ಕಂಪನಿಯೇ ಮುಳುಗಿ ತನ್ನ ವಿಮಾ ಯೋಜನೆಯನ್ನು ನಿಲ್ಲಿಸಿದರೆ ಕೋಬ್ರಾದಲ್ಲಿ ಉಳಿಸಿಕೊಳ್ಳಲು ಏನೂ ಇರುವುದಿಲ್ಲ.

ಈ ಮನೆಯನ್ನು ನಿಜಕ್ಕೂ ಕಾಯುವುದು ಬೇರೆ ಅಂಕಿ: ಶೇ. 59. 2017ರ ನವೆಂಬರ್‌ನಲ್ಲಿ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಬೇಕು ಎಂದು ಮೈನ್‌ನ ಮತದಾರರಲ್ಲಿ ಅಷ್ಟು ಮಂದಿ ಮುದ್ರೆ ಒತ್ತಿದರು. ನೇರ ಜನಮತದಿಂದ ಹೀಗೆ ಮಾಡಿದ ಮೊದಲ ರಾಜ್ಯ ಅದು. ಆಗಿನ ಗವರ್ನರ್ ಪಾಲ್ ಲೆಪೇಜ್ ಅದನ್ನು ಜಾರಿಯಾಗಲು ಬಿಡಲಿಲ್ಲ. 2019ರ ಜನವರಿಯಲ್ಲಿ ಜಾನೆಟ್ ಮಿಲ್ಸ್ ಅಧಿಕಾರಕ್ಕೆ ಬಂದ ಕೂಡಲೇ ಜಾರಿಗೆ ತಂದರು. ಬಡತನ ರೇಖೆಯ ಶೇ. 138ರವರೆಗೆ ಆದಾಯ ಇರುವ ದುಡಿಯುವ ವಯಸ್ಸಿನವರಿಗೆ ಇದು ಸಿಗುತ್ತದೆ. 2025ರ ರೇಖೆಯಂತೆ ನಾಲ್ವರ ಕುಟುಂಬಕ್ಕೆ ಆ ಮಿತಿ ತಿಂಗಳಿಗೆ ಸುಮಾರು 3,697 ಡಾಲರ್. ಪರಿಶೀಲಿಸುವುದು ಹೋದ ವರ್ಷದ ಸಂಬಳವನ್ನಲ್ಲ, ಈ ತಿಂಗಳ ಆದಾಯವನ್ನು. 2,167 ಡಾಲರಿನ ಮನೆ ಅದರೊಳಗೆ ಬರುತ್ತದೆ. ವಿಸ್ತರಣೆಯನ್ನು ಒಪ್ಪದ 10 ರಾಜ್ಯಗಳಲ್ಲಿ ಇದೇ ಗಂಡ ಹೆಂಡತಿಗೆ ಈ ಬಾಗಿಲು ಇಷ್ಟು ಸಲೀಸಾಗಿ ತೆರೆಯುವುದಿಲ್ಲ.

ವಿಮೆ ಇದ್ದ ಮಾತ್ರಕ್ಕೆ ದಾರಿ ಸವೆಯುವುದಿಲ್ಲ. ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳನ್ನು ಉಳಿಸಲು 1997ರ ಕಾನೂನು ಮಾಡಿದ ವಿಶೇಷ ವರ್ಗದಲ್ಲಿ ಗರಿಷ್ಠ ಹಾಸಿಗೆ 25. ಅಂಥಲ್ಲಿ ಎಲ್ಲ ಚಿಕಿತ್ಸೆಯೂ ಸಿಗದು. ಕ್ಯಾನ್ಸರ್‌ಗೆ ವಿಕಿರಣ ಬೇಕೆಂದರೆ ಮಿಲಿನಾಕೆಟ್‌ನವರು ಬ್ಯಾಂಗರ್ ಕಡೆಗೇ ಹೋಗಬೇಕು, ಒಂದು ದಿಕ್ಕಿಗೆ ಸುಮಾರು 70 ಮೈಲಿ. ವಾರಕ್ಕೆ ಐದು ದಿನದಂತೆ ಆರು ವಾರ ಎಂದರೆ 30 ಸಲ, 4,200 ಮೈಲಿ, ಹತ್ತಿರಹತ್ತಿರ 6,760 ಕಿಲೋಮೀಟರ್. ಗ್ಯಾಲನ್ನಿಗೆ 20 ಮೈಲಿ ಓಡುವ ಹಳೆಯ ಪಿಕಪ್ ಗಾಡಿಗೆ 210 ಗ್ಯಾಲನ್ ಪೆಟ್ರೋಲು. 3.25 ಡಾಲರಿನಂತೆ 682 ಡಾಲರ್, ಎರಡು ಕಾರ್ಡ್ ಸೌದೆಯ ಬೆಲೆಗೆ ಸ್ವಲ್ಪ ಕಡಿಮೆ. ಕಾಯಿಲೆ ಸೌದೆ ಕಡಿಯುವ ಮೈಯನ್ನು ಕಿತ್ತುಕೊಂಡಿತ್ತು, ಈಗ ಸೌದೆ ಕೊಳ್ಳುವ ಕಾಸನ್ನೂ ರಸ್ತೆಗೆ ಚೆಲ್ಲಿತು.

ಹೀಗೆ ಬರಿಗೈಯಲ್ಲಿ ಜನವರಿಗೆ ಬಂದ ಮನೆ ತೈಲ ಕೊಳ್ಳುವ ಬಗೆಯನ್ನು ಹೇಳಲೇಬೇಕು. ವರ್ಷದ ಶಾಖದಲ್ಲಿ ಶೇ. 18ರಷ್ಟನ್ನು ಜನವರಿ ಒಂದೇ ತಿನ್ನುತ್ತದೆ: 144 ಗ್ಯಾಲನ್, ದಿನಕ್ಕೆ ಐದಕ್ಕೆ ತುಸು ಕಡಿಮೆ. ಸೌದೆಯಾದರೆ ಸರಿಯಾಗಿ ಒಂದು ಕಾರ್ಡ್. ತೈಲದ ಲಾರಿ ಮನೆ ಬಾಗಿಲಿಗೆ ಬರಲು ಬಹಳಷ್ಟು ವ್ಯಾಪಾರಿಗಳು ಕನಿಷ್ಠ 100 ಗ್ಯಾಲನ್ ಕೇಳುತ್ತಾರೆ, 350 ಡಾಲರ್ ಒಟ್ಟಿಗೇ ಬೇಕು. ಇಲ್ಲದವರು ಐದು ಗ್ಯಾಲನ್ ಕ್ಯಾನು ಹಿಡಿದು ಪೆಟ್ರೋಲ್ ಬಂಕಿಗೆ ಹೋಗಿ ಸೀಮೆಎಣ್ಣೆಯನ್ನೋ ಡೀಸೆಲನ್ನೋ ತಂದು ಟ್ಯಾಂಕಿಗೆ ಸುರಿಯುತ್ತಾರೆ. ಒಂದು ಕ್ಯಾನಿಗೆ ಒಂದು ದಿನದ ಬಿಸಿ. ನಾಳೆ ಮತ್ತೆ ಹೋಗಬೇಕು. ಬಡವನಿಗೆ ಬಿಡಿ ಖರೀದಿಯೇ ತುಟ್ಟಿ ಎಂಬುದು ಎಲ್ಲ ದೇಶದ ಮಾತು. ಇಲ್ಲಿ ಒಂದು ದಿನ ತಪ್ಪಿದರೆ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆದು ಮನೆಯೇ ಹಾಳಾಗುತ್ತದೆ.

ಒಂದು ಅನ್ಯಾಯ ನನ್ನನ್ನು ಕಾಡುತ್ತದೆ. ಬಿಲ್ಲು ಕಟ್ಟದವರ ವಿದ್ಯುತ್ತನ್ನು ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ರಾಜ್ಯದ ಅನುಮತಿ ಇಲ್ಲದೆ ಕಡಿಯುವಂತಿಲ್ಲ ಎಂಬ ನಿಯಮ ಮೈನ್‌ನಲ್ಲಿದೆ. ಸಾಲ ಬೆಳೆಯುತ್ತದೆ, ಆದರೆ ದೀಪ ಆರುವುದಿಲ್ಲ. ಬಹುಪಾಲು ಜನ ಚಳಿ ಕಾಯಿಸಿಕೊಳ್ಳುವುದು ತೈಲದಿಂದ, ಆ ತೈಲಕ್ಕೆ ಈ ರಕ್ಷಣೆ ಇಲ್ಲ. ವಿದ್ಯುತ್ತಿನಿಂದಲೇ ಮನೆಯನ್ನು ಬೆಚ್ಚಗಿಡುವುದು ಹೀಟ್ ಪಂಪ್. ರಾಜ್ಯವು ಒಂದು ಲಕ್ಷ ಹೀಟ್ ಪಂಪ್‌ಗಳ ಗುರಿಯನ್ನು 2023ರಲ್ಲಿ, ಎರಡು ವರ್ಷ ಮೊದಲೇ ಮುಟ್ಟಿತು. ಯೂನಿಟ್‌ಗೆ 27 ಸೆಂಟ್ ಹಿಡಿದು, ಒಂದಕ್ಕೆ ಎರಡೂವರೆಯಷ್ಟು ಶಾಖ ಬರುತ್ತದೆ ಎಂದರೆ ಹತ್ತು ಲಕ್ಷ ಬಿಟಿಯುಗೆ 32 ಡಾಲರ್. ತೈಲಕ್ಕೆ 30, ಕೊಂಡ ಸೌದೆಗೆ 21. ಬೆಲೆಯಲ್ಲಿ ಲಾಭ ಕಾಣದು, ಆದರೂ ಕೆಲಸ ಕಳೆದುಕೊಂಡ ಮನೆಗೆ ಆ ನವೆಂಬರ್ 15ರ ನಿಯಮ ದೊಡ್ಡ ಆಸರೆ. ಹಾಗೆಂದು ಒಲೆಯನ್ನು ಕಿತ್ತೆಸೆಯಲಾಗದು. 1998ರ ಜನವರಿಯ ಹಿಮಗಡ್ಡೆಯ ಬಿರುಗಾಳಿಗೆ ರಾಜ್ಯದ ಅರ್ಧಕ್ಕೂ ಹೆಚ್ಚು ಜನ ವಿದ್ಯುತ್ ಕಳೆದುಕೊಂಡಿದ್ದರು, ಕೆಲವು ಕಡೆ ಎರಡು ವಾರ.

ಸರ್ಕಾರದ ಕಡೆಯಿಂದ ಬರುವ ದೊಡ್ಡ ನೆರವು ‘ಲೈಹೀಪ್’. 1981ರಿಂದ ಇರುವ ಈ ಯೋಜನೆ ದೇಶದಾದ್ಯಂತ ಸುಮಾರು 60 ಲಕ್ಷ ಮನೆಗಳ ಬಿಸಿ, ತಂಪಿನ ಖರ್ಚಿಗೆ ಒದಗುತ್ತದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರದಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯನ್ನೆಲ್ಲ ತೆಗೆದುಹಾಕಿದರು. ಅದೇ ವರ್ಷ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರದ ಕೆಲಸ ಸ್ಥಗಿತಗೊಂಡಾಗ ಹಣ ಬಿಡುಗಡೆ ತಡವಾಯಿತು. ಆ ಹಣ ಸಕಾಲಕ್ಕೆ ಬಂದರೂ ಚಳಿಯ ಬಾಗಿಲಲ್ಲೇ ಬರುತ್ತದೆ. ಅದರಲ್ಲಿ ಒಂದು ಪಾಲನ್ನು ಮೇ ತಿಂಗಳಲ್ಲೇ ಕೊಟ್ಟರೆ ಹಸಿಸೌದೆ ಕೊಂಡು ಬಿಸಿಲಿಗೆ ಒಣಗಿಸಿಕೊಳ್ಳಬಹುದು, ಹಾಸಿಗೆ ಹಿಡಿದವನ ಮನೆಯಲ್ಲಿ ಸೀಳುವವನಿಗೆ ಕೂಲಿ ಕೊಡಬಹುದು. ತೀರಾ ಇಲ್ಲದವರಿಗೆ ಪಟ್ಟಣದ ಕಚೇರಿಯೇ ‘ಜನರಲ್ ಅಸಿಸ್ಟೆನ್ಸ್’ ಕೊಡಬೇಕು ಎಂಬುದು ಮೈನ್‌ನ ಕಾನೂನು, ಅದರ ಶೇ. 70 ಅನ್ನು ರಾಜ್ಯ ಮರಳಿಸುತ್ತದೆ. ಊರವರೇ ಕೂಡಿ ನಡೆಸುವ ಸೌದೆ ಬ್ಯಾಂಕುಗಳೂ ಇವೆ. ದಾನದ ಮರವನ್ನು ಸ್ವಯಂಸೇವಕರು ಶನಿವಾರಗಳಲ್ಲಿ ಸೀಳಿ, ಒಣಗಿಸಿ ಇಡುತ್ತಾರೆ. ಬೇಕಾದವರು ಬಂದು ಗಾಡಿಗೆ ತುಂಬಿಕೊಂಡು ಹೋಗುತ್ತಾರೆ. ಕಾಲು ಕಾರ್ಡ್ ಸಿಕ್ಕರೆ ಜನವರಿಯಲ್ಲಿ ಒಂದು ವಾರ ಕಳೆಯಿತು.

ಇನ್ನು ಎರಡು ತಾರೀಕು. ಕಾಯಿಲೆಗೆ, ಮನೆಯವರ ಆರೈಕೆಗೆ 12 ವಾರದ ಸಂಬಳಸಹಿತ ರಜೆ ಕೊಡುವ ಮೈನ್‌ನ ಕಾನೂನಿಗೆ 2025ರ ಜನವರಿಯಿಂದ ಸಂಬಳದ ಶೇ. 1ರಷ್ಟು ವಂತಿಗೆ ಸೇರುತ್ತಿದೆ, ಸೌಲಭ್ಯ ಶುರುವಾಗಲು ಗೊತ್ತುಮಾಡಿದ ದಿನ 2026ರ ಮೇ 1. ಕೆಲಸ ಇನ್ನೂ ಉಳಿದಿರುವ ಮನೆಗೆ ಇದು ದೊಡ್ಡ ಬಲ. ಎರಡನೆಯದು 2027ರ ಜನವರಿ 1. 2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾನೂನಿನಂತೆ, ವಿಸ್ತರಣೆಯಿಂದ ಮೆಡಿಕೇಡ್ ಪಡೆದ ವಯಸ್ಕರು ಅಷ್ಟರೊಳಗೆ ತಿಂಗಳಿಗೆ 80 ಗಂಟೆ ದುಡಿದದ್ದಕ್ಕೆ ದಾಖಲೆ ತೋರಿಸುವ ವ್ಯವಸ್ಥೆ ಬರಬೇಕು. ತೀವ್ರ ಅಸ್ವಸ್ಥರಿಗೆ ವಿನಾಯಿತಿ ಇದೆ, 13 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿರುವ ತಂದೆ ತಾಯಿಗೂ ಇದೆ. ನಮ್ಮ ಲೆಕ್ಕದ ಮನೆಯ ಮಕ್ಕಳು ಆ ವಯಸ್ಸು ದಾಟಿದ್ದಾರೆ. ನೌಕರಿ, ತರಬೇತಿ, ಓದು, ಸಮುದಾಯ ಸೇವೆ ಇವೆಲ್ಲ ಎಣಿಕೆಗೆ ಸೇರುತ್ತವೆ. ಕಾರ್ಡಿಗೆ 12ರಿಂದ 15 ಗಂಟೆ ಹಿಡಿದರೆ 5.6 ಕಾರ್ಡಿಗೆ 67ರಿಂದ 84 ಗಂಟೆಯ ಮೈಮುರಿ ಕೆಲಸ. ತನ್ನ ಮನೆಯ ಒಲೆಗೆಂದು ಮಾಡಿದ ಆ ಕೆಲಸ ಕಾನೂನಿನ ಪಟ್ಟಿಯಲ್ಲಿಲ್ಲ.